ಕತ್ತಿಗೆ ಹತ್ತಿದ ತಾಮ್ರ

ನಮ್ಮ ಕಡೆ ವಿಷಕ್ಕೂ ಔಷಧಿ ಅಂತಲೇ ಹೆಸರು. ಅಡಿಕೆಗೆ ಔಷಧಿ ಹೊಡೆಯೋದು, ಕಳೆಗೆ ಔಷಧಿ ಹೊಡೆಯೋದು, ಇಲಿಗೆ ಔಷಧಿ ಇಡೋದು. ಜ್ವರ ಬಂದರೆ ಕುಡಿಯುವುದೂ ಔಷಧಿಯೇ. ಯಾರಾದರೂ ದನಿ ತಗ್ಗಿಸಿ "ಅವನು ಔಷಧಿ ಕುಡಿದನಂತೆ" ಅಂದರೆ ಮಾತ್ರ ಯಾವ ಔಷಧಿ ಅಂತ ಕೇಳಬೇಕಾಗಿಲ್ಲ. ಇದರ ಮೇಲೆ ಮದ್ದು ಬೇರೆ. "ಮದ್ದು ಹಾಕಿದ್ದಾರೆ" ಅಂದರೆ ಊಟದಲ್ಲಿ ಏನೋ ಬೆರೆಸಿ ಕೊಟ್ಟಿದ್ದಾರೆ ಅಂತ. ಅದನ್ನು ತೆಗೆಯುವವರೂ ನಮ್ಮ ತೀರ್ಥಹಳ್ಳಿ ಸುತ್ತಮುತ್ತ ಇದ್ದಾರೆ.

ಹಾಗಾಗಿ ನಾನು ವಿಧಿವಿಜ್ಞಾನದಲ್ಲಿ, ಅಂದರೆ ಅಪರಾಧದ ಸಾಕ್ಷ್ಯ ಪರೀಕ್ಷಿಸುವ ಫೊರೆನ್ಸಿಕ್‌ನಲ್ಲಿ, ಅದರಲ್ಲೂ ರಸಾಯನ ಮತ್ತು ವಿಷದ ವಿಭಾಗದಲ್ಲಿ ಎಂಎಸ್ಸಿ ಮಾಡ್ತೀನಿ ಅಂದಾಗ ಮನೆಯವರಿಗೆ ಅರ್ಥವಾಗಿದ್ದು ವಿಷ ಅನ್ನೋ ಒಂದೇ ಪದ. ಅಮ್ಮ "ಹೆಣ ಕೊಯ್ಯೋದಾ?" ಅಂತ ಗಾಬರಿಯಾದಳು. ಅಲ್ಲ, ಅದು ಡಾಕ್ಟರ್ ಕೆಲಸ ಅಂದೆ. ಅಜ್ಜಿಗೆ ಮಾತ್ರ ಕುತೂಹಲ. "ಮದ್ದು ತೆಗೆಯೋದನ್ನ ಕಾಲೇಜಲ್ಲೂ ಕಲಿಸ್ತಾರನೇ?"

ನಗು ಬಂತು. ಆದರೆ ಎರಡು ವರ್ಷ ಓದಿ ಮುಗಿಸಿದ ಮೇಲೆ, ನನ್ನ ಓದನ್ನು ಅಜ್ಜಿಯಷ್ಟು ಸರಿಯಾಗಿ ಹೇಳಿದವರು ಯಾರೂ ಇಲ್ಲ ಅಂತ ಅನ್ನಿಸಿದೆ.

ನನಗೆ ಈ ಹುಚ್ಚು ಹಿಡಿಸಿದ್ದು ಟಿವಿ ಸೀರಿಯಲ್ ಅಲ್ಲ. ಆಚೆಮನೆ ಚಿಕ್ಕಪ್ಪ. ಸ್ವಂತ ಚಿಕ್ಕಪ್ಪ ಅಲ್ಲ, ಎರಡು ತೋಟ ದಾಟಿದರೆ ಅವರ ಮನೆ. 2017ರ ಮಳೆಗಾಲದಲ್ಲಿ ಒಂದು ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅಣ್ಣ ತಮ್ಮಂದಿರ ನಡುವೆ ಹಿಸ್ಸೆ ಜಗಳ ಇತ್ತು. ಬಡಿಸಿದ್ದು ಹೆಂಡತಿ. ಊರಿಗೆ ಅಷ್ಟು ಸಾಕಲ್ವಾ? ಪೊಲೀಸರು ಬಂದರು, ಪೋಸ್ಟ್‌ಮಾರ್ಟಮ್ ಆಯಿತು, ಒಳಗಿನ ಅಂಗಗಳ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿದರು. ವಿಸೆರಾ ಅನ್ನೋ ಪದ ನಾನು ಮೊದಲು ಕೇಳಿದ್ದು ಆಗಲೇ. ವರದಿ ಬರಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಬಂದದ್ದು ಒಂದೇ ಹಾಳೆ. ಯಾವುದೇ ವಿಷ ಪತ್ತೆಯಾಗಿಲ್ಲ.

ಆ ಒಂದು ಸಾಲನ್ನು ಊರು ಎರಡು ಥರ ಓದಿತು. ಚಿಕ್ಕಮ್ಮನ ತವರಿನವರು "ವಿಷ ಇಲ್ಲ ಅಂತ ಸರ್ಕಾರವೇ ಬರೆದುಕೊಟ್ಟಿದೆ" ಅಂದರು. ಚಿಕ್ಕಪ್ಪನ ಅಣ್ಣನ ಮನೆಯವರು "ಅಂಥಾ ಮದ್ದೆಲ್ಲ ಲ್ಯಾಬಿಗೆ ಸಿಗುತ್ತಾ ಮಾರಾಯ" ಅಂದರು. ನಾನಾಗ ಪಿಯುಸಿ. ಇಬ್ಬರಲ್ಲಿ ಒಬ್ಬರು ಸರಿ ಇರಲೇಬೇಕು ಅಂದುಕೊಂಡಿದ್ದೆ.

ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದ್ದು 2022ರಲ್ಲಿ. ಕೊನೆಯ ವರ್ಷ ಎಲ್ಲಿಗೆ ಅರ್ಜಿ ಹಾಕೋದು ಅಂತ ತಲೆಬಿಸಿ. ವಿಧಿವಿಜ್ಞಾನಕ್ಕೇ ಅಂತ ಗಾಂಧಿನಗರದಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯ ಇದೆ. 2009ರಲ್ಲಿ ಗುಜರಾತ್ ಸರ್ಕಾರ ಶುರು ಮಾಡಿದ್ದು, 2020ರಲ್ಲಿ ಕೇಂದ್ರದ್ದಾಯಿತು. ಈಗ ನಮ್ಮ ಧಾರವಾಡದಲ್ಲೂ ಅದರ ಕ್ಯಾಂಪಸ್ ಇದೆ. ಇದಲ್ಲದೆ ಫೊರೆನ್ಸಿಕ್ ಅಂತ ಬೋರ್ಡು ಹಾಕಿಕೊಂಡ ಕಾಲೇಜುಗಳು ಮಳೆಗಾಲದ ಅಣಬೆ ಥರ ಎದ್ದಿವೆ. ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಒಂದೇ ಮಾತು ಹೇಳಿದರು. "ಬೋರ್ಡಲ್ಲಿ ಏನಿದೆ ನೋಡಬೇಡ. ಲ್ಯಾಬಲ್ಲಿ ಜಿಸಿ-ಎಂಎಸ್ ಓಡ್ತಾ ಇದೆಯಾ ನೋಡು." ಜಿಸಿ-ಎಂಎಸ್ ಅಂದರೆ ಬೆರೆತ ವಸ್ತುಗಳನ್ನು ಬಿಸಿ ಮಾಡಿ ಆವಿಯಾಗಿಸಿ, ಉದ್ದನೆಯ ಕೂದಲಿನಂಥ ಕೊಳವೆಯಲ್ಲಿ ಒಂದೊಂದಾಗಿ ಬೇರ್ಪಡಿಸಿ, ಆಮೇಲೆ ಒಡೆದು ಅದರ ಚೂರುಗಳ ತೂಕ ನೋಡಿ ಗುರುತಿಸುವ ಯಂತ್ರ. ನಾನು ಸೇರಿದ್ದು ಹೊರರಾಜ್ಯದ ಒಂದು ವಿಶ್ವವಿದ್ಯಾಲಯಕ್ಕೆ. ಹೆಸರು ಬೇಡ, ಮುಂದೆ ಸ್ವಲ್ಪ ಬೈಯೋದಿದೆ. ಅಲ್ಲಿ ಜಿಸಿ-ಎಂಎಸ್ ಇತ್ತು. ಮೇಷ್ಟ್ರ ಮಾತಿನಲ್ಲಿ "ಓಡ್ತಾ" ಅನ್ನೋ ಪದವೂ ಇತ್ತು ಅಂತ ನನಗೆ ನೆನಪಾಗಿದ್ದು ಮೂರನೇ ಸೆಮಿಸ್ಟರಿನಲ್ಲಿ.

ಮೊದಲ ಸೆಮಿಸ್ಟರು ಭಾರಿ ನಿರಾಸೆ. ಕೊಲೆಯೂ ಇಲ್ಲ, ರಕ್ತವೂ ಇಲ್ಲ. ಸ್ಟ್ಯಾಟಿಸ್ಟಿಕ್ಸ್, ಅನಲಿಟಿಕಲ್ ಕೆಮಿಸ್ಟ್ರಿ, ಸಾಕ್ಷ್ಯ ಕಾನೂನು. ಜೊತೆಗೆ ಬಂದವರಲ್ಲಿ ಇಬ್ಬರು ಒಂದೇ ತಿಂಗಳಿಗೆ ಬಿಟ್ಟು ಹೋದರು. ನನಗೂ ಹೋಗೋಣ ಅನ್ನಿಸಿತ್ತು. ತಡೆದದ್ದು ಒಂದು ಪ್ರಾಕ್ಟಿಕಲ್ಲು.

ಅದನ್ನು ಹೇಳಬೇಕಾದರೆ ನಮ್ಮ ತೋಟದ ಡ್ರಮ್ಮಿನ ಹತ್ತಿರ ಹೋಗಬೇಕು. ಮುಂಗಾರು ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. 50 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಇನ್ನೊಂದು 50 ಲೀಟರಿಗೆ 1 ಕೆಜಿ ಸುಣ್ಣ. ಎರಡೂ ಸೇರಿದ ಮೇಲೆ ಅಪ್ಪಯ್ಯ ಚೆನ್ನಾಗಿ ತಿಕ್ಕಿದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಹಿಡಿಯುತ್ತಿದ್ದ. ತುದಿ ಕೆಂಪಗಾದರೆ "ಸುಣ್ಣ ಸಾಲ" ಅಂತಿದ್ದ. ಮರ ಹತ್ತುವ ಕೊನೆಗಾರ ಇನ್ನಷ್ಟು ಸುಣ್ಣದ ನೀರು ಹೊಯ್ಯುತ್ತಿದ್ದ. ಮತ್ತೆ ಕತ್ತಿ. ಹಾಗೇ ಬೆಳ್ಳಗಿದ್ದರೆ ಸರಿ. ಸುಣ್ಣ ಕಡಿಮೆಯಾಗಿ ಉಳಿದ ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅದೇ ಆ ಕೆಂಪು. ಚಿಕ್ಕಂದಿನಿಂದ ನೋಡಿದ್ದೆ. ಅದು ಪರೀಕ್ಷೆ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಪ್ರಾಕ್ಟಿಕಲ್ಲಿನಲ್ಲಿ ಕೊಟ್ಟಿದ್ದು ರೈನ್ಶ್ ಪರೀಕ್ಷೆ. 1841ರಷ್ಟು ಹಳೆಯದು. ಮಾದರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ತಿಕ್ಕಿದ ತಾಮ್ರದ ಪಟ್ಟಿಯನ್ನು ಅದ್ದಿ ಕುದಿಸಬೇಕು. ಪಟ್ಟಿ ಕಪ್ಪಗಾದರೆ ಆರ್ಸೆನಿಕ್ ಇರಬಹುದು, ಬೆಳ್ಳಿಯಂತೆ ಹೊಳೆದರೆ ಪಾದರಸ ಇರಬಹುದು. ಪಟ್ಟಿ ನಿಧಾನವಾಗಿ ಕಪ್ಪಗಾಗುವುದನ್ನು ನೋಡುತ್ತಾ ನಿಂತಾಗ ಕಣ್ಣ ಮುಂದೆ ಬಂದದ್ದು ಅಪ್ಪಯ್ಯನ ಕತ್ತಿ. ಅಲ್ಲಿ ಕಬ್ಬಿಣದ ಮೇಲೆ ತಾಮ್ರ. ಇಲ್ಲಿ ತಾಮ್ರದ ಮೇಲೆ ಆರ್ಸೆನಿಕ್. ಸಂಜೆ ಫೋನ್ ಮಾಡಿ ಹೇಳಿದರೆ ಅಪ್ಪಯ್ಯ, "ಅಷ್ಟಕ್ಕೆ ಅಷ್ಟು ಫೀಸು ಕಟ್ಟಬೇಕಿತ್ತಾ?" ಅಂದ. ಖುಷಿಯಾಗಿತ್ತು ಅವನಿಗೆ.

ಆದರೆ ವ್ಯತ್ಯಾಸ ಇರುವುದು "ಇರಬಹುದು" ಅನ್ನೋದರಲ್ಲಿ. ಆಂಟಿಮನಿ, ಬಿಸ್ಮತ್ ಇದ್ದರೂ ಪಟ್ಟಿ ಕಪ್ಪಾಗುತ್ತದೆ. ಈ ಥರದ ಬಣ್ಣದ ಪರೀಕ್ಷೆಗಳೆಲ್ಲ ದಾರಿ ತೋರಿಸಲಿಕ್ಕೆ ಮಾತ್ರ. ಕೋರ್ಟಿಗೆ ಹೇಳಬೇಕಾದರೆ ಇನ್ನೊಂದು ಬೇರೆಯೇ ತತ್ವದ ಯಂತ್ರ ಅದನ್ನೇ ಹೇಳಬೇಕು. ಆ ಸೆಮಿಸ್ಟರಿನಲ್ಲಿ ನಾನು ನಿಜಕ್ಕೂ ಕಲಿತದ್ದು ಅದೊಂದೇ.

ಎರಡನೇ ಸೆಮಿಸ್ಟರು ಗಿಡಗಳ ವಿಷ. ರಜೆಗೆ ಮನೆಗೆ ಬಂದವಳು ಹಿತ್ತಲಲ್ಲಿ ಸುಮ್ನೆ ಎಣಿಸುತ್ತಾ ಹೋದೆ. ಪೂಜೆಯ ಕಣಗಿಲೆ, ಹೃದಯದ ಬಡಿತ ತಪ್ಪಿಸುವ ವಿಷ. ಶಿವನಿಗೆ ಪ್ರೀತಿ ಅನ್ನೋ ಉಮ್ಮತ್ತದ ಹೂವು, ಕಣ್ಣಿನ ಪಾಪೆ ಅಗಲವಾಗಿ ಮನುಷ್ಯ ಏನೇನೋ ಬಡಬಡಿಸುತ್ತಾನೆ. ಅಜ್ಜಿಯ ಕರಡಿಗೆಯಲ್ಲಿ ಚಿನ್ನ ತೂಗುವ ಗುಲಗಂಜಿ, ಅದರೊಳಗೆ ಅಬ್ರಿನ್. ಬೇಲಿಯ ಅಗ್ನಿಶಿಖೆಯಲ್ಲಿ ಕಾಲ್ಚಿಸಿನ್. ಸೊಪ್ಪಿನಬೆಟ್ಟದ ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್. ಅದರ ಬಣ್ಣದ ಪರೀಕ್ಷೆ ಬಲು ಚೆಂದ, ನೇರಳೆ ಗೆರೆ ಎದ್ದು ಕೆಂಪಾಗಿ ಮಾಸಿಹೋಗುತ್ತದೆ. ದೇವರಿಗೆ ಏರಿಸುವ ಹೂವಿನಲ್ಲಿ ಅರ್ಧ ನಮ್ಮ ಸಿಲಬಸ್ಸಿನಲ್ಲಿತ್ತು. ಅಜ್ಜಿಗೆ ಹೇಳಿದರೆ, "ಅದಕ್ಕೇ ದೇವರಿಗೆ ಕೊಡೋದು, ನಾವು ತಿನ್ನಲ್ವಲ್ಲ" ಅಂದಳು.

ಗಿಡದ ವಿಷವನ್ನು ದೇಹದಿಂದ ಹೊರಗೆ ತೆಗೆಯುವುದನ್ನು ಮೊದಲು ತೋರಿಸಿಕೊಟ್ಟವನು ಬೆಲ್ಜಿಯಮ್ಮಿನ ರಸಾಯನ ವಿಜ್ಞಾನಿ ಸ್ಟಾಸ್. 1850ರಲ್ಲಿ ಅಲ್ಲಿನ ಒಬ್ಬ ಶ್ರೀಮಂತ ತನ್ನ ಹೆಂಡತಿಯ ಸಹೋದರನನ್ನು ನಿಕೋಟಿನ್ ಕೊಟ್ಟು ಕೊಂದಿದ್ದ. ಆ ಕಾಲಕ್ಕೆ ಹೆಣದಲ್ಲಿ ಆರ್ಸೆನಿಕ್ಕಿನಂಥ ಲೋಹ ಹುಡುಕಬಹುದಿತ್ತು, ಗಿಡದ ವಿಷ ಮಾಯವಾಗಿಬಿಡುತ್ತದೆ ಅಂತ ನಂಬಿಕೆ. ಅಂದರೆ ನಮ್ಮೂರಿನವರ "ಲ್ಯಾಬಿಗೆ ಸಿಗಲ್ಲ" ಅನ್ನೋ ಮಾತು ಆಗ ನಿಜವೇ ಆಗಿತ್ತು! ಸ್ಟಾಸ್ ಆಲ್ಕೋಹಾಲು, ಆಮ್ಲ, ಕ್ಷಾರ, ಈಥರ್ ಹಿಡಿದುಕೊಂಡು ಹಂತಹಂತವಾಗಿ ನಿಕೋಟಿನ್ ಬೇರ್ಪಡಿಸಿದ. ಆಮೇಲೆ ಓಟೋ ಸ್ವಲ್ಪ ತಿದ್ದಿದ. ಸ್ಟಾಸ್-ಓಟೋ ವಿಧಾನ ಅಂತ ಇವತ್ತಿಗೂ ನಮಗೆ ಕಲಿಸುತ್ತಾರೆ.

ಅದೇ ಹೊತ್ತಿನಲ್ಲಿ ಒಂದು ತಮಾಷೆ. ಎಂಜಲಿನ ಮಾದರಿ ಯಾರಾದರೂ ಕೊಡಿ ಅಂದರು. ನಾನು ಆಗಷ್ಟೇ ಊರಿಂದ ತಂದ ಎಲೆ ಅಡಿಕೆಯ ಕವಳ ಹಾಕಿದ್ದೆ. ಕೊಟ್ಟೆ. ಯಂತ್ರ ಬರೆಯುವ ಗೆರೆಯಲ್ಲಿ ಎದ್ದ ಶಿಖರ ನೋಡಿ ಉತ್ತರದ ಕಡೆಯ ಗೆಳತಿ ಗಾಬರಿ. ಆಲ್ಕಲಾಯ್ಡ್, ಅಂದರೆ ನಿಕೋಟಿನ್, ಸ್ಟ್ರಿಕ್ನಿನ್ ಜಾತಿಯ ಗಿಡದ ವಸ್ತು! ಅದು ಅಡಿಕೆಯ ಅರೆಕೋಲಿನ್. ಅಪ್ಪಯ್ಯನದ್ದಾಗಿದ್ದರೆ ಹೊಗೆಸೊಪ್ಪಿನ ನಿಕೋಟಿನ್ನೂ ಇರುತ್ತಿತ್ತು, ಕಾಫಿಯ ಕೆಫೀನೂ ಇರುತ್ತಿತ್ತು. ಮಲೆನಾಡಿನವರ ಹೊಟ್ಟೆ ನೋಡುವವನಿಗೆ ಮಲೆನಾಡು ಗೊತ್ತಿರಬೇಕು. ನಿಕೋಟಿನ್ ಸಿಕ್ಕ ಕೂಡಲೇ ಕೊಲೆ ಅಂದರೆ ನಮ್ಮೂರಿನ ಅರ್ಧ ಸಾವು ಕೊಲೆಯೇ ಆಗಬೇಕಾಗುತ್ತದೆ.

ಮೂರನೇ ಸೆಮಿಸ್ಟರಿಗೆ ಮೊದಲು ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಆರು ವಾರ ಇಂಟರ್ನ್‌ಶಿಪ್. ವಿದ್ಯಾರ್ಥಿಗಳು ಕೇಸಿನ ಮಾದರಿ ಮುಟ್ಟುವಂತಿಲ್ಲ, ನೋಡಬಹುದು ಅಷ್ಟೆ. ನನ್ನನ್ನು ಕೂರಿಸಿದ್ದು ಪೊಟ್ಟಣ ಬರುವ ಕೌಂಟರಿನ ಪಕ್ಕ. ಅದೇ ಒಳ್ಳೆಯದಾಯಿತು. ಬೆಳಿಗ್ಗೆ ಬಸ್ಸಿಳಿದು ಕಾನ್‌ಸ್ಟೇಬಲ್‌ಗಳು ಬರುತ್ತಿದ್ದರು. ಬಿಳಿ ಬಟ್ಟೆಯಲ್ಲಿ ಹೊಲಿದ ಪೊಟ್ಟಣ, ಮೇಲೆ ಅರಗಿನ ಮೊಹರು. ಕಳಿಸಿದ ಮಾದರಿ ಮೊಹರಿನ ಜೊತೆ ಹೋಲಿಸಿ ನೋಡಿಯೇ ತೆಗೆದುಕೊಳ್ಳೋದು. ಮೊಹರು ಒಡೆದಿದ್ದರೆ ಒಳಗೆ ಏನಿದ್ದರೂ ಕೋರ್ಟಿನಲ್ಲಿ ಅದರ ಬೆಲೆ ಹೋಯಿತು.

ಬಾಟಲಿಯೊಳಗೆ ಇರೋದು ಹೊಟ್ಟೆ, ಸಣ್ಣ ಕರುಳು, ಲಿವರ್, ಕಿಡ್ನಿಯ ತುಂಡುಗಳು. ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನಲ್ಲಿ ಮುಳುಗಿಸಿಟ್ಟಿರುತ್ತಾರೆ. ಆ ಉಪ್ಪು ನೀರು ನೋಡಿದ ಕೂಡಲೇ ನನಗೆ ಅಮ್ಮನ ಅಪ್ಪೆಮಿಡಿ ಭರಣಿ ನೆನಪಾಯಿತು. ತತ್ವ ಅದೇ. ಕೊಳೆಯದ ಹಾಗೆ ಉಪ್ಪು ಕಾಯುತ್ತದೆ. ಆ ವರ್ಷ ನಾನು ಮಿಡಿ ಉಪ್ಪಿನಕಾಯಿ ಮುಟ್ಟಲಿಲ್ಲ. ಅಮ್ಮನಿಗೆ ಕಾರಣ ಹೇಳಲೂ ಇಲ್ಲ. ಗೊತ್ತಿಲ್ಲದವರು ಕೆಲವೊಮ್ಮೆ ಫಾರ್ಮಾಲಿನ್ ಹಾಕಿ ಕಳಿಸುತ್ತಾರೆ. ಹಾಗೆ ಮಾಡಿದರೆ ಎಷ್ಟೋ ವಿಷಗಳನ್ನು ಆಮೇಲೆ ಹುಡುಕೋದು ಕಷ್ಟ. ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಹಾಕಬೇಕು, ಇಲ್ಲದಿದ್ದರೆ ಕುಡಿಯದವನ ರಕ್ತದಲ್ಲೂ ಸೂಕ್ಷ್ಮಜೀವಿಗಳೇ ಆಲ್ಕೋಹಾಲು ಮಾಡಿಬಿಡಬಹುದು. ಬಾಟಲಿ ಬಿಸಿಲಲ್ಲಿ ಎಷ್ಟು ದಿನ ಇತ್ತು, ಕಪಾಟಿನಲ್ಲಿ ಎಷ್ಟು ತಿಂಗಳು ಇತ್ತು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ರಾಶಿ ಬಿದ್ದಿದ್ದ ಪೊಟ್ಟಣಗಳನ್ನು ನೋಡಿದಾಗ ಚಿಕ್ಕಪ್ಪನ ವರದಿಗೆ ಒಂದು ವರ್ಷ ಯಾಕೆ ಹಿಡಿಯಿತು ಅಂತ ಅರ್ಥವಾಯಿತು.

ಆಮೇಲೆ ಪ್ರಾಜೆಕ್ಟು. ಇದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದರೆ ನಾನು ಮರ್ಯಾದೆ ಕಳೆದುಕೊಂಡಿದ್ದು ಇಲ್ಲೇ.

ವಿಷಯ: ಉಪ್ಪು ನೀರಿನಲ್ಲಿಟ್ಟ ಲಿವರಿನಲ್ಲಿ ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕ ದಿನ ಕಳೆದಂತೆ ಎಷ್ಟು ಉಳಿಯುತ್ತದೆ. ಮನುಷ್ಯರ ಲಿವರ್ ಸಿಗಲ್ಲ, ಆಡಿನ ಲಿವರಿಗೆ ಗೊತ್ತಿರುವಷ್ಟು ವಿಷ ಸೇರಿಸಿ ನೋಡಬೇಕು. ನಮ್ಮದು ಮೊಟ್ಟೆಯೂ ಬಾರದ ಮನೆ. ಮೊದಲ ಸಲ ಮಟನ್ ಅಂಗಡಿಯ ಮುಂದೆ ನಿಂತು ಅರ್ಧ ಕೆಜಿ ಲಿವರ್ ಕೇಳಿದಾಗ ಅಂಗಡಿಯವನು "ಫ್ರೈಗಾ, ಗ್ರೇವಿಗಾ?" ಅಂತ ಕೇಳಿದ. ಮಿಕ್ಸಿಗೆ ಅಂದೆ. ಅದು ನಿಜವೂ ಹೌದು.

ರುಬ್ಬಿದ ಲಿವರಿಗೆ ದ್ರಾವಕ ಹಾಕಿ ಸೆಪರೇಟಿಂಗ್ ಫನಲ್‌ನಲ್ಲಿ ಅಲ್ಲಾಡಿಸಬೇಕು. ಜೋರಾಗಿ ಅಲ್ಲಾಡಿಸಿದರೆ ಕೆಟ್ಟೆವು. ಎರಡು ಪದರ ಬೇರೆಯಾಗುವ ಬದಲು ನಡುವೆ ಬೆಣ್ಣೆ ಏಳದ ಮಜ್ಜಿಗೆಯ ಥರ ಒಂದು ನೊರೆ ಗಟ್ಟಿಯಾಗಿ ಕೂರುತ್ತದೆ. ಗಂಟೆಗಟ್ಟಲೆ ಕಾದರೂ ಹಾಗೇ. ಉಪ್ಪು ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಕೊನೆಗೂ ಒಡೆಯಿತು. ಅಷ್ಟರಲ್ಲಿ ಯಂತ್ರದ ಹೀಲಿಯಂ ಸಿಲಿಂಡರ್ ಖಾಲಿ. ಹೊಸದು ತರಿಸಲು ಸಹಿ ಬೇಕು, ಸಹಿ ಹಾಕುವವರು ರಜೆ. ಐದು ವಾರ ಆ ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿತ್ತು. ಸಾಲಿನಲ್ಲಿ ನಾವು ಹನ್ನೊಂದು ಜನ. ಫೀಸು ಕಟ್ಟುವ ದಿನ ಒಂದು ದಿನ ತಡವಾದರೂ ದಂಡ ಹಾಕುವ ಕಚೇರಿಗೆ ಸಿಲಿಂಡರ್ ತರಿಸಲು ಐದು ವಾರ. ಬೈಯೋದಿದೆ ಅಂದಿದ್ದೆನಲ್ಲ, ಇದೇ.

ಯಂತ್ರ ಓಡಿದ ಮೇಲೆ ಫಲಿತಾಂಶ ಭಾರಿ ಚೆನ್ನಾಗಿ ಬಂತು. ಅತಿ ಚೆನ್ನಾಗಿ. ಹಾಕಿದ್ದು 100 ಭಾಗವಾದರೆ ವಾಪಸ್ ಸಿಕ್ಕಿದ್ದು 130. ಹಾಕಿದ್ದಕ್ಕಿಂತ ಜಾಸ್ತಿ ಹೇಗೆ ಸಿಗುತ್ತದೆ? ನಾನು ಅದನ್ನು ಯೋಚಿಸಲೇ ಇಲ್ಲ, ಶಿಖರಗಳ ಚೆಂದ ನೋಡುತ್ತಾ ಎರಡು ವಾರ ಹಿಗ್ಗಿದೆ. ಗೈಡ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಬ್ಲ್ಯಾಂಕ್ ಎಲ್ಲಿ?" ಏನೂ ಸೇರಿಸದ ಬರೀ ಲಿವರನ್ನೂ ಅದೇ ದಾರಿಯಲ್ಲಿ ಓಡಿಸಿ ನೋಡಬೇಕು. ಓಡಿಸಿದೆ. ಅದರಲ್ಲೂ ಕ್ಲೋರ್‌ಪೈರಿಫಾಸ್!

ಮೊದಲು ಆಡಿನ ಮೇಲೆ ಹಾಕಿದೆ. ಎಲ್ಲೋ ಔಷಧಿ ಹೊಡೆದ ಹುಲ್ಲು ಮೇಯ್ದಿರಬೇಕು ಅಂತ. ಮೇಡಂ ಲಿವರೇ ಇಲ್ಲದೆ ಬರೀ ದ್ರಾವಕ ಓಡಿಸಲು ಹೇಳಿದರು. ಅದರಲ್ಲೂ ಇತ್ತು. ಆಡಿನ ತಪ್ಪಲ್ಲ, ನನ್ನದು. ಗಾಢವಾದ ದ್ರಾವಣ ತೆಗೆದ ಸಿರಿಂಜನ್ನು ಸರಿಯಾಗಿ ತೊಳೆದಿರಲಿಲ್ಲ. ಪ್ರತಿ ಮಾದರಿಗೂ ನಾನೇ ಒಂದಿಷ್ಟು ವಿಷ ಹಾಕುತ್ತಾ ಬಂದಿದ್ದೆ.

ಮೇಡಂ ಬೈಯಲಿಲ್ಲ. "ಇದು ಆಡು. ಇದರ ಹೆಂಡತಿ ಜೈಲಿಗೆ ಹೋಗಲ್ಲ" ಅಂದರು. ಅವರಿಗೆ ನಮ್ಮ ಆಚೆಮನೆಯ ಕಥೆ ಗೊತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲ್ಲ ಮಾದರಿ ಚೆಲ್ಲಿ ಮತ್ತೆ ಮೊದಲಿನಿಂದ ಶುರು. ಈ ಸಲ ಪ್ರತಿ ಮಾದರಿಯ ಹಿಂದೆಯೂ ಬ್ಲ್ಯಾಂಕ್. ದಿನ ಕಳೆದಂತೆ ಶಿಖರ ತಗ್ಗುತ್ತಾ ಬಂತು. ಯಂತ್ರ ಸುಮ್ನೆ ಇದ್ದಾಗಲೂ ಅದರ ಗೆರೆ ನಡುಗುತ್ತಾ ಇರುತ್ತದೆ. ಆ ನಡುಕದ ಮೂರರಷ್ಟು ಎತ್ತರ ಎದ್ದರೆ ಮಾತ್ರ ಏನೋ ಇದೆ ಅನ್ನಬಹುದು, ಹತ್ತರಷ್ಟು ಎದ್ದರೆ ಇಷ್ಟಿದೆ ಅನ್ನಬಹುದು. ಅದಕ್ಕಿಂತ ಕೆಳಗೆ ಹೋದದ್ದಕ್ಕೆ "ಪತ್ತೆಯಾಗಿಲ್ಲ" ಅಂತ ಬರೆಯಬೇಕು. ಕೊನೆಯ ಮಾದರಿಗಳಿಗೆ ನಾನು ಹಾಗೇ ಬರೆದೆ. ವಿಷ ಹಾಕಿದವಳು ನಾನೇ, ಪತ್ತೆಯಾಗಿಲ್ಲ ಅಂತ ಬರೆದವಳೂ ನಾನೇ.

2024ರಲ್ಲಿ ಓದು ಮುಗಿಯಿತು. ಅದೇ ವರ್ಷ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವು. 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧ ಆದರೆ ವಿಧಿವಿಜ್ಞಾನದವರು ಸ್ಥಳಕ್ಕೆ ಹೋಗಲೇಬೇಕು ಅಂತ ಅದರಲ್ಲಿದೆ, ಅದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಅವಕಾಶವೂ ಇದೆ. ಕೆಲಸಗಳು ರಾಶಿ ಬೀಳುತ್ತವೆ ಅಂತ ಕ್ಲಾಸಿನಲ್ಲೆಲ್ಲ ಸಂಭ್ರಮ. ಸರ್ಕಾರಿ ನೇಮಕಾತಿ ಅದರ ವೇಗದಲ್ಲೇ ಬರುತ್ತದೆ. ವಿಧಿವಿಜ್ಞಾನದವರ ಅರ್ಹತೆ ಅಳೆಯುವ ಫ್ಯಾಕ್ಟ್ ಪರೀಕ್ಷೆ ಬರೆದಿದ್ದೇನೆ, ನೆಟ್‌ಗೆ ಓದ್ತಾ ಇದ್ದೇನೆ. ಸದ್ಯ ಬೆಂಗಳೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಕಾಳುಮೆಣಸು, ಏಲಕ್ಕಿಯಲ್ಲಿ ಉಳಿದ ಕೀಟನಾಶಕ ಹುಡುಕುವ ಕೆಲಸ. ಕೇಸು ಇಲ್ಲ, ಕೋರ್ಟು ಇಲ್ಲ, ಯಂತ್ರ ಮಾತ್ರ ಅದೇ. ಈ ಓದಿಗೆ ಬರುವವರು ಕೇಳಿದರೆ ಕೆಮಿಸ್ಟ್ರಿ ಗಟ್ಟಿ ಮಾಡಿಕೊಳ್ಳಿ ಅಂತೀನಿ. ಕೆಲಸ ಸಿಗುವವರೆಗೆ ಅನ್ನ ಹಾಕೋದು ಅದೇ.

ಆ ವರ್ಷದ ದೊಡ್ಡಹಬ್ಬಕ್ಕೆ ಊರಿಗೆ ಬಂದಿದ್ದೆ. ಬಲಿಪಾಡ್ಯದ ಮಾರನೇ ದಿನ ಆಚೆಮನೆ ಚಿಕ್ಕಮ್ಮ ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಬಂದಳು. ಒಳಗೆ ಪಹಣಿ, ರೇಷನ್ ಕಾರ್ಡು, ಮಡಿಸಿ ಮಡಿಸಿ ಗೆರೆ ಬಿದ್ದ ಒಂದು ಜೆರಾಕ್ಸ್.

"ನೀನು ಇದನ್ನೇ ಓದಿದ್ದಂತಲ್ಲ. ಎಂತ ಬರೆದಿದ್ದಾರೆ ಸರಿಯಾಗಿ ಹೇಳು."

ಇಂಗ್ಲಿಷಿನ ಏಳೆಂಟು ಸಾಲು. ಲೋಹಗಳು, ಕೀಟನಾಶಕಗಳು, ಆಲ್ಕಲಾಯ್ಡ್‌ಗಳು, ಸಯನೈಡ್, ಆಲ್ಕೋಹಾಲು. ಇವಿಷ್ಟಕ್ಕೆ ಪರೀಕ್ಷೆ ಮಾಡಿದ್ದಾರೆ, ಯಾವುದೂ ಪತ್ತೆಯಾಗಿಲ್ಲ. ಒಂದೊಂದಾಗಿ ಹೇಳಿದೆ.

"ಅಂದ್ರೆ ಇಲ್ಲ ಅಂತ ತಾನೆ?"

ಹೌದು ಅಂದುಬಿಡಬಹುದಿತ್ತು. ಏಳು ವರ್ಷದಿಂದ ಅಣ್ಣನ ಮನೆಯವರು ಅವಳ ಕೈಯಿಂದ ನೀರು ಕುಡಿದಿಲ್ಲ. "ಇಲ್ಲ ಅಂತ ಯಾವ ಲ್ಯಾಬಿನವರೂ ಬರೆಯಲ್ಲ ಚಿಕ್ಕಮ್ಮ. ಹುಡುಕಿದ್ದು ಸಿಗಲಿಲ್ಲ ಅಂತ ಮಾತ್ರ ಬರೆಯಬಹುದು" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅಷ್ಟು ದೂರ ಹೋಗಿ ಓದಿದ್ದು ಇಷ್ಟಕ್ಕಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಕೇಳಿದಳು. "ಎಂತೆಂಥದು ಹುಡುಕಿದ್ರು ಅಂತ ಮತ್ತೊಂದ್ಸಲ ಹೇಳು." ಹೇಳಿದೆ. ಅಡಿಕೆಗೆ, ಗದ್ದೆಗೆ ಹೊಡೆಯೋ ಔಷಧಿ. ಇಲಿ ಪಾಷಾಣ. ಕಾಸರಕ, ಉಮ್ಮತ್ತ. "ಅದನ್ನೇ ಕನ್ನಡದಲ್ಲಿ ಬರೆದುಕೊಡು. ಭಾವನ ಮಗ ಓದಬೇಕು."

ನೋಟ್‌ಬುಕ್ಕಿನ ಹಾಳೆ ಹರಿದು ಬರೆಯಲು ಕೂತೆ. ಔಷಧಿಗಳ ಹೆಸರು ಊರಿನವರಿಗೆ ತಿಳಿಯುವ ಹಾಗೆ ಒಂದರ ಕೆಳಗೆ ಒಂದು ಬರೆದೆ. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಚಿಕ್ಕಮ್ಮ ಅಮ್ಮನ ಕವಳದ ತಟ್ಟೆ ಹತ್ತಿರ ಎಳೆದುಕೊಂಡು ಎಲೆಯ ತೊಟ್ಟು ಮುರಿಯುತ್ತಾ ಕಾಯುತ್ತಿದ್ದಳು. "ಇವುಗಳಲ್ಲಿ ಯಾವುದೂ ಸಿಗಲಿಲ್ಲ" ಅಂತ ಬರೆದು ಕೊಟ್ಟೆ. ಅವಳು ಓದಿದಳು, ಎರಡು ಸಲ. ಜೆರಾಕ್ಸಿನ ಒಳಗಿಟ್ಟು ಮಡಿಸಿ ಪಹಣಿಯ ಜೊತೆ ಕವರಿಗೆ ಹಾಕಿಕೊಂಡಳು.